ಹಸುವಿನ ಖನಿಜ ಪುಡಿ ಮೊಲಕ್ಕೆ ಬೇಡ

ಮಾನ್ಯ ಸಂಪಾದಕರೇ,

ನಾಲ್ಕು ವರ್ಷದಿಂದ ಹಿತ್ತಲಲ್ಲಿ ನ್ಯೂಜಿಲೆಂಡ್ ವೈಟ್ ಮೊಲ ಸಾಕುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಮೊಲಗಳು ಸೊರಗಿದಂತೆ ಕಂಡವು. ಪಶು ಆಹಾರದ ಅಂಗಡಿಯಲ್ಲಿ ಕೇಳಿದೆ. ಹಸುವಿನ ಖನಿಜ ಮಿಶ್ರಣದ ಪ್ಯಾಕೆಟ್ ಕೊಟ್ಟು, 'ಒಂದೊಂದಕ್ಕೆ ದಿನಾ ಒಂದು ಚಮಚ ಹಾಕಿ, ಏನೂ ಆಗಲ್ಲ' ಅಂದರು. ಹಾಕಿದೆ. ತಿಂಗಳೊಳಗೆ ಗೂಡಿನ ಕೆಳಗೆಲ್ಲ ಸುಣ್ಣದ ತಿಳಿಯಂಥ ಬಿಳಿ ಮೂತ್ರ. ಎರಡು ಮೊಲ ಮೂತ್ರ ಮಾಡಲಾಗದೆ ತಿಣುಕುತ್ತಿದ್ದವು. ಒಂದು ಉಳಿಯಲಿಲ್ಲ. ಮೂತ್ರಕೋಶದಲ್ಲಿ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಕೆಸರಿನಂತೆ ಕೂತಿದೆ ಎಂದರು ಪಶುವೈದ್ಯರು. ಬೇರೆ ಹೆಚ್ಚಿನ ಪ್ರಾಣಿಗಳ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರುತ್ತದೆ. ಮೊಲ ಹಾಗಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಹೀರಿ, ಹೆಚ್ಚಾದದ್ದನ್ನು ಮೂತ್ರದಲ್ಲಿ ಬಿಡುತ್ತದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. 400 ಕೆಜಿ ತೂಗುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಪುಡಿ. ಅದೇ ಲೆಕ್ಕದಲ್ಲಿ 3 ಕೆಜಿ ಮೊಲಕ್ಕೆ ಅರ್ಧ ಗ್ರಾಂ ಕೂಡ ಆಗುವುದಿಲ್ಲ. ಒಂದು ಚಮಚ ಅಂದರೆ ಸುಮಾರು 5 ಗ್ರಾಂ. ಹತ್ತು ಪಟ್ಟಿಗಿಂತ ಜಾಸ್ತಿ! ಅದೂ ಪೆಲೆಟ್‌ನಲ್ಲಿ (ಅಂಗಡಿಯ ಗುಳಿಗೆ ಮೇವು) ಮೊದಲೇ ಖನಿಜ ಸೇರಿಸಿರುವಾಗ.

ಕ್ಯಾಲ್ಸಿಯಂ ಆದರೂ ಮೂತ್ರದಲ್ಲಿ ಕಣ್ಣಿಗೆ ಕಾಣುತ್ತದೆ. ತಾಮ್ರ, ಸತು, ಅಯೋಡಿನ್ ಕಾಣುವುದಿಲ್ಲ. ಒಂದು ಕೆಜಿ ಆಹಾರದಲ್ಲಿ 10 ಮಿಲಿಗ್ರಾಂ ತಾಮ್ರ ಇದ್ದರೆ ಮೊಲಕ್ಕೆ ಧಾರಾಳ. ಬೇಗ ತೂಕ ಬರಲಿ ಎಂದು ತಾಮ್ರವಿರುವ ಮೈಲುತುತ್ತ ಬೆರೆಸುವವರೂ ಇದ್ದಾರೆ. ತೂಕ ಸ್ವಲ್ಪ ಬರಬಹುದು. ಆದರೆ ಆ ತಾಮ್ರ ಪಿತ್ತಜನಕಾಂಗದಲ್ಲಿ ಕೂಡುತ್ತಾ ಹೋಗುತ್ತದೆ, ಉಳಿದದ್ದು ಹಿಕ್ಕೆಯ ಜೊತೆ ನಮ್ಮ ಹೊಲದ ಮಣ್ಣಿಗೇ ಸೇರುತ್ತದೆ. ಸತು ಹೆಚ್ಚಾದರೆ ಇನ್ನೊಂದು ತೊಂದರೆ. ಅದು ತಾಮ್ರವನ್ನು ಮೈಗೆ ಹತ್ತಲು ಬಿಡದೆ ರಕ್ತ ಕಡಿಮೆ ಮಾಡುತ್ತದೆ. ಸತು ಲೇಪಿಸಿದ ಜಿಐ ತಂತಿಯ ಗೂಡನ್ನು ಕಡಿಯುವ ಮೊಲಕ್ಕೂ ಸತು ಹೊಟ್ಟೆಗೆ ಹೋಗುತ್ತದೆ, ನೆನಪಿರಲಿ.

ಗಬ್ಬದ ಮೊಲದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕೆಜಿ ಆಹಾರಕ್ಕೆ 0.2 ಮಿಲಿಗ್ರಾಂ ಅಯೋಡಿನ್ ಸಾಕು. ಮರಿ ಹಾಕುವ ಮುಂಚಿನ ಕೆಲವೇ ದಿನ ಕೆಜಿ ಆಹಾರಕ್ಕೆ 250 ಮಿಲಿಗ್ರಾಂ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಹುಟ್ಟಿದ ಮರಿಗಳು ಹೆಚ್ಚು ಸತ್ತವು. ತಾಯಿ ಮಾತ್ರ ಚೆನ್ನಾಗಿಯೇ ಇತ್ತು. ಅದು ಭಾರಿ ಪ್ರಮಾಣ, ನಿಜ. ನಮ್ಮ ಚಮಚದಲ್ಲಿ ಅಷ್ಟು ಇರುವುದಿಲ್ಲ. ಆದರೆ ತಾಯಿ ಚೆನ್ನಾಗಿದೆ ಅಂದಮಾತ್ರಕ್ಕೆ ಮೇವು ಸರಿಯಾಗಿದೆ ಅಂತ ಸುಮ್ನೆ ಕೂರುವಂತಿಲ್ಲ, ಅಲ್ವಾ?

ಖನಿಜ ಮಿಶ್ರಣದ ಪ್ಯಾಕೆಟ್ ಮೇಲೆ 'ದನಗಳಿಗೆ ಮಾತ್ರ' ಎಂದು ಕನ್ನಡದಲ್ಲಿ ದೊಡ್ಡದಾಗಿ ಅಚ್ಚು ಹಾಕಬೇಕು. ಮೊಲದ ಪೆಲೆಟ್ ಚೀಲದ ಮೇಲೆ ತಾಮ್ರ, ಸತು, ಅಯೋಡಿನ್, ಕ್ಯಾಲ್ಸಿಯಂ ಎಷ್ಟಿದೆ ಎಂದು ಬರೆಯಬೇಕು. ಪಶುಪಾಲನಾ ಇಲಾಖೆ ಇದನ್ನು ಗಮನಿಸಲಿ. ನಿಮ್ಮ ಕೃಷಿ ಪುಟದಲ್ಲೂ ಮೊಲದ ಮೇವಿನ ಬಗ್ಗೆ ಬಲ್ಲವರಿಂದ ಒಮ್ಮೆ ಬರೆಸಿ. ನಾನೀಗ ಪುಡಿ ನಿಲ್ಲಿಸಿದ್ದೇನೆ. ಒಣಹುಲ್ಲು ಜಾಸ್ತಿ, ಪೆಲೆಟ್ ಅಳತೆಯಲ್ಲಿ, ಕುದುರೆ ಮಸಾಲೆ ಸೊಪ್ಪು ಅಪರೂಪಕ್ಕೆ. ಉಳಿದ ಆ ಇನ್ನೊಂದು ಮೊಲ ಈಗ ಮೇಯುತ್ತಿದೆ.

ಇತಿ,
ಒಬ್ಬ ಮೊಲ ಸಾಕಣೆಗಾರ, ಚಿಂತಾಮಣಿ ತಾಲ್ಲೂಕು