ಬಿಪಿ ಇದ್ದವರಿಗೆ ನೋವಿನ ಗುಳಿಗೆ ಸುಮ್ನೆ ಕೊಡಬೇಡಿ

ಮಾನ್ಯರೇ,

ನಮ್ಮ ಅವ್ವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮೊಣಕಾಲು ನೋವು ಅಂತ ಹಾವೇರಿಯ ಔಷಧಿ ಅಂಗಡಿಯೊಂದರಲ್ಲಿ ಕೇಳಿದಾಗಲೆಲ್ಲ ಡೈಕ್ಲೋಫೆನಾಕ್ ಗುಳಿಗೆ ಕೊಟ್ಟರು, ಡಾಕ್ಟರ ಚೀಟಿ ಕೇಳಲೇ ಇಲ್ಲ. ಮೂರು ವಾರಕ್ಕೆ ಪಾದ ಬಾತು ಚಪ್ಪಲಿ ಹಿಡಿಯದಂತಾಯಿತು, ಬಿಪಿ 180/100. ಈ ಗುಳಿಗೆ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತದೆ, ಕಿಡ್ನಿಗೂ ಹೃದಯಕ್ಕೂ ಪೆಟ್ಟು ಕೊಡುತ್ತದೆ ಅಂತ ಡಾಕ್ಟರು ಹೇಳಿದ ಮೇಲೆಯೇ ನಮಗೆ ಗೊತ್ತಾಗಿದ್ದು. ಸಕ್ಕರೆ ಇದ್ದವರ ಬಿಪಿ 130/80ರ ಒಳಗಿರಬೇಕಂತೆ. ಅವ್ವ ಈಗ ರೊಟ್ಟಿ ಜೊತೆ ಉಪ್ಪಿನಕಾಯಿ ಬಿಟ್ಟಿದ್ದಾಳೆ, ಅವಳಿಗೆ ಅದೇ ಜಾಸ್ತಿ ಕಷ್ಟ. ಅಂಗಡಿಯವರು ಗುಳಿಗೆ ಕೊಡುವ ಮುಂಚೆ ‘ಬಿಪಿ ಇದೆಯಾ?’ ಅಂತ ಒಂದು ಮಾತು ಕೇಳಬಹುದು, ಅಲ್ವಾ? ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮಾತ್ರೆ ಕೊಡುವಾಗಲೂ ಇದನ್ನು ಬಿಡಿಸಿ ಹೇಳಲಿ.

– ಓದುಗ, ಹಾವೇರಿ