ಕಂಬದ ಮನೆಗಳನ್ನು ಕೆಡವುವ ಮೊದಲು ಸ್ಥಳಾಂತರಕ್ಕೆ ಅವಕಾಶ ಕೊಡಿ

ಮಾನ್ಯರೇ,

ಕರಾವಳಿ ಮತ್ತು ಮಲೆನಾಡಿನಲ್ಲಿ ಹೆದ್ದಾರಿ ವಿಸ್ತರಣೆಗೆ ಜಾಗ ಬಿಟ್ಟುಕೊಟ್ಟ ಕಡೆಗಳಲ್ಲಿ ಹಳೆಯ ಮರದ ಕಂಬದ ಮನೆಗಳು ಜೆಸಿಬಿಗೆ ಸಿಕ್ಕಿ ಒಂದೇ ಹಗಲಿನಲ್ಲಿ ನೆಲಸಮವಾಗುತ್ತಿವೆ. ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಇಂಥ ಮನೆಯನ್ನು ಬಿಚ್ಚಿ ಬೇರೊಂದು ಜಾಗದಲ್ಲಿ ಮತ್ತೆ ನಿಲ್ಲಿಸಬಹುದೆಂಬ ಸಂಗತಿಯನ್ನು ಭೂಸ್ವಾಧೀನದ ಅಧಿಕಾರಿಗಳಾಗಲಿ, ಬಹುಪಾಲು ಮನೆಯವರಾಗಲಿ ಯೋಚಿಸಿಯೇ ನೋಡುತ್ತಿಲ್ಲವೆಂಬುದು ನನ್ನ ಕೊರಗು.

ಈ ಮನೆಗಳ ರಚನೆಯೇ ಸ್ಥಳಾಂತರಕ್ಕೆ ಅನುಕೂಲವಾಗಿದೆ. ಚಾವಡಿಯ ಕಂಬವನ್ನು ನೆಲದಲ್ಲಿ ಹೂತಿರುವುದಿಲ್ಲ. ಅದು ಕಲ್ಲಿನ ಪೀಠದ ಮೇಲೆ ಕೂತಿರುತ್ತದೆ, ಆದ್ದರಿಂದಲೇ ತೇವ ಹತ್ತದೆ ತಲೆಮಾರುಗಳ ಕಾಲ ಬಾಳುತ್ತದೆ. ಕಂಬದ ಮೇಲೆ ಬೋದಿಗೆ (ತೊಲೆಗೆ ಆಸರೆಯಾಗುವ ಅಡ್ಡ ಮರ), ಬೋದಿಗೆಯ ಮೇಲೆ ತೊಲೆ, ಅದರ ಮೇಲೆ ಇಳಿಜಾರಾಗಿ ಕೂರುವ ಪಕ್ಕಾಸು, ಹಂಚು ಹಿಡಿಯುವ ರೀಪು ಪಟ್ಟಿ, ಹಂಚು, ಹೀಗೆ ಮಾಡಿನ (ಛಾವಣಿಯ) ಭಾರವನ್ನು ಹೊರುವ ಮರಗಳು ಕಚ್ಚು (ಮರದಲ್ಲೇ ಕೊರೆದ ಜೋಡಣೆ) ಮತ್ತು ಮರದ ಗೂಟಗಳಿಂದಲೇ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಕೆಲವು ಮನೆಗಳಲ್ಲಿ ತೊಲೆಯ ತುದಿಯಲ್ಲೂ ಅದು ಕೂರುವ ಬೋದಿಗೆಯಲ್ಲೂ ಹಿಂದಿನ ಆಚಾರಿಗಳು ಉಳಿಯಿಂದ ಕೊರೆದ ಗೆರೆಗಳು ಇಂದಿಗೂ ಕಾಣುತ್ತವೆ. ಯಾವುದು ಯಾವುದಕ್ಕೆ ಕೂರಬೇಕೆಂಬ ಗುರುತು ಅದು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯನ್ನು ಹೊಸ ಜಾಗದಲ್ಲಿ ಹೊಸದಾಗಿ ಕಟ್ಟಿಕೊಳ್ಳಬಹುದು, ಅದರಿಂದ ಹೆಚ್ಚಿನ ನಷ್ಟವಿಲ್ಲ.

ಆದರೆ ಕೆಲಸವನ್ನು ಕ್ರಮ ತಪ್ಪದೆ ಮಾಡಬೇಕು. ಮೊದಲು ಮನೆಯ ಅಳತೆ ತೆಗೆದು ನಕ್ಷೆ ಬರೆದು, ಎಲ್ಲ ಮೂಲೆಗಳ ಛಾಯಾಚಿತ್ರ ತೆಗೆದು, ಪ್ರತಿ ಮರಕ್ಕೂ ಅಳಿಸಿಹೋಗದ ಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ನಕ್ಷೆಯಲ್ಲೂ ನಮೂದಿಸಿದ ಮೇಲೆಯೇ ಹಂಚಿಗೆ ಕೈಹಾಕಬೇಕು. ಗೂಟಗಳನ್ನು ಹೊಡೆದು ಮುರಿಯದೆ ಹಿಂಬದಿಯಿಂದ ತಟ್ಟಿ ಹೊರತೆಗೆಯಬೇಕು. ಕಂಬದ ಬುಡವೋ ಪಕ್ಕಾಸಿನ ತುದಿಯೋ ಲಡ್ಡಾಗಿದ್ದರೆ (ಕೊಳೆತು ಟೊಳ್ಳಾಗಿದ್ದರೆ) ಅಷ್ಟನ್ನೇ ಕತ್ತರಿಸಿ ಅದೇ ಜಾತಿಯ ಹದವಾದ ಮರವನ್ನು ಬೆಸೆಯಬೇಕೇ ಹೊರತು ಇಡೀ ಮರವನ್ನು ಎಸೆಯಬಾರದು. ಬಿಚ್ಚಿದ ಮರಗಳನ್ನು ನೆಲಕ್ಕೆ ತಾಗದಂತೆ, ನಡುವೆ ಗಾಳಿಯಾಡುವಂತೆ ನೆರಳಿನಲ್ಲಿ ಪೇರಿಸಿಡಬೇಕು. ಮಳೆ ಬಿಟ್ಟ ಮೇಲೆ ಬಿಚ್ಚಿದರೆ ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮುಂಚೆ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ತುಳುನಾಡಿನ ಆ ದಿನದೊಳಗೆ, ಹೊಸ ಜಾಗದಲ್ಲಿ ಮಾಡು ಏರಬೇಕು. ಇಲ್ಲವಾದರೆ ನಮ್ಮ ಮಳೆಗೆ ಸಿಕ್ಕ ಮರ ಬಾಗುತ್ತದೆ, ಕಚ್ಚುಗಳು ಮತ್ತೆ ಕೂರುವುದಿಲ್ಲ.

ಇದು ಕೇವಲ ಕಲ್ಪನೆಯಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ದಿವಂಗತ ವಿಜಯನಾಥ ಶೆಣೈಯವರು ಇಂಥ ಮನೆಗಳನ್ನು ತಂದು ಮತ್ತೆ ನಿಲ್ಲಿಸಿ ತೋರಿಸಿದ್ದಾರೆ. ಸಮೀಪದ ಕುಂಜೂರಿನ ಚೌಕಿ ಮನೆಯೂ (ನಡುವೆ ಅಂಗಳವಿರುವ ಮನೆ) ಮಿಯಾರಿನ ಮನೆಯೂ ಅಲ್ಲಿವೆ. ದೂರದ ಕುಕನೂರಿನ ಕಮಲ ಮಹಲ್ ಕೂಡ ಅಲ್ಲಿದೆ. ಚೆನ್ನೈ ಬಳಿ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯನ್ನೂ ಚಿಕ್ಕಮಗಳೂರಿನ ಮನೆಯನ್ನೂ ನೋಡಬಹುದು. ಇವು ವಸ್ತುಸಂಗ್ರಹಾಲಯಗಳು, ನಿಜ. ನನ್ನ ಆಸೆ ಅದಕ್ಕಿಂತ ಸರಳವಾದದ್ದು: ಮನೆಯವರೇ ತಮ್ಮ ಉಳಿದ ಜಮೀನಿನಲ್ಲಿ ತಮ್ಮ ಮನೆಯನ್ನು ಮತ್ತೆ ನಿಲ್ಲಿಸಿ ಅದರಲ್ಲಿಯೇ ಬದುಕುವಂತಾಗಬೇಕು.

ಕಾನೂನಿನಲ್ಲಿ ಇದಕ್ಕೆ ಎಡೆಯಿದೆ. 2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿಯು ಸ್ಥಳಾಂತರಗೊಳ್ಳುವ ಕುಟುಂಬಕ್ಕೆ ಮನೆಮಂದಿ, ಕಟ್ಟಡ ಸಾಮಗ್ರಿ, ಸಾಮಾನು ಮತ್ತು ಜಾನುವಾರುಗಳ ಸಾಗಣೆಗೆ 50,000 ರೂಪಾಯಿಗಳನ್ನೂ, ದನದ ಕೊಟ್ಟಿಗೆ ಅಥವಾ ಚಿಕ್ಕ ಅಂಗಡಿ ಇದ್ದವರಿಗೆ ಕನಿಷ್ಠ 25,000 ರೂಪಾಯಿಗಳನ್ನೂ ಕೊಡಬೇಕೆಂದು ಹೇಳುತ್ತದೆ. 2015ರ ಆದೇಶದ ಮೂಲಕ ಈ ಪುನರ್ವಸತಿ ನಿಯಮಗಳು ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ನಡೆಯುವ ಸ್ವಾಧೀನಕ್ಕೂ ಅನ್ವಯವಾಗಿವೆ. ಕಟ್ಟಡ ಸಾಮಗ್ರಿ ಎಂಬ ಮಾತು ಅಲ್ಲೇ ಇರುವಾಗ, ಕಂಬ ತೊಲೆಗಳನ್ನು ಉಳಿಸಿಕೊಳ್ಳಲು ಮನೆಯವರಿಗೆ ನೆರವಾಗುವುದು ಅಧಿಕಾರಿಗಳ ಕರ್ತವ್ಯವೇ ಆಗುತ್ತದೆ. ದೊಡ್ಡ ಮನೆಗೆ ಈ ಮೊತ್ತ ಸಾಲುವುದಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ತೆರವಿಗೆ ಕೊಡುವ ಗಡುವು ಸಾಲುವುದಿಲ್ಲ. ಗಡುವಿಗೆ ಹೆದರಿದ ಮನೆಯವರು ಗುಜರಿಯವರಿಗೋ ಹಳೆ ಸಾಮಾನಿನ ವ್ಯಾಪಾರಿಗಳಿಗೋ ಕಂಬಗಳನ್ನು ಬಿಡಿಬಿಡಿಯಾಗಿ ಮಾರಿಬಿಡುತ್ತಾರೆ. ಹಾಗೆ ಚದುರಿದ ಮನೆಯನ್ನು ಆಮೇಲೆ ಯಾರಿಂದಲೂ ಕೂಡಿಸಲಾಗದು.

ಆದ್ದರಿಂದ, ಭೂಸ್ವಾಧೀನದ ಮೊದಲ ಅಧಿಸೂಚನೆ ಹೊರಟಾಗಲೇ ಇಂಥ ಮನೆಗಳನ್ನು ಗುರುತಿಸಿ ಪಟ್ಟಿ ಮಾಡಬೇಕೆಂದೂ, ಸ್ಥಳಾಂತರಕ್ಕೆ ಒಪ್ಪಿದವರಿಗೆ ಒಂದು ಪೂರ್ತಿ ಬೇಸಿಗೆಯ ಕಾಲಾವಕಾಶ ಕೊಡಬೇಕೆಂದೂ, ಅವರು ಒಯ್ಯುವ ಮರದ ಬೆಲೆಯನ್ನು ಪರಿಹಾರದಲ್ಲಿ ಮುರಿದುಕೊಳ್ಳಬಾರದೆಂದೂ ಜಿಲ್ಲಾಡಳಿತಗಳನ್ನು ಕೋರುತ್ತೇನೆ. ಬಿಚ್ಚಿ ಜೋಡಿಸುವ ಕೌಶಲವಿರುವ ಹಿರಿಯ ಆಚಾರಿಗಳು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಲೋಕೋಪಯೋಗಿ ಇಲಾಖೆಯು ಅವರನ್ನು ಈಗಲೇ ಗುರುತಿಸಿ, ಯುವ ಮರಗೆಲಸದವರನ್ನು ಅವರ ಜೊತೆಗೆ ಕೆಲಸಕ್ಕೆ ಹಚ್ಚಬೇಕು.

ಇತಿ,
ನಿವೃತ್ತ ಎಂಜಿನಿಯರ್, ಕಾರ್ಕಳ