ಹಸಿರು ಅಳಿಸಿದರೆ ಹೈಡ್ರೋಜನ್ನೇ ಹೋಗುತ್ತದೆ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ನೀಹಾರಿಕೆಯ ಚಿತ್ರ ಬಂದಾಗ ಯಾವ ಬಣ್ಣ ಯಾವ ಅನಿಲದ್ದೆಂದು ಅಡಿಬರಹದಲ್ಲಿ ಬರೆದಿರುವುದು ಅಪರೂಪ. ಒಂದೊಂದು ಅನಿಲದ ಬೆಳಕನ್ನಷ್ಟೇ ಬಿಡುವ ಫಿಲ್ಟರುಗಳಿಂದ ತೆಗೆದ ನ್ಯಾರೋಬ್ಯಾಂಡ್ ಚಿತ್ರಕ್ಕೆ ಅದೇ ಜೀವಾಳ. ಹೈಡ್ರೋಜನ್ನಿನ ಕೆಂಪು ಬೆಳಕಾದ ಹೈಡ್ರೋಜನ್ ಆಲ್ಫಾ ಹೊಮ್ಮುವುದು 656.3 ನ್ಯಾನೋಮೀಟರ್ ತರಂಗಾಂತರದಲ್ಲಿ, ಗಂಧಕ 671.6 ಮತ್ತು 673.1ರಲ್ಲಿ. ಕಣ್ಣಿಗೆ ಎರಡೂ ಕಡುಗೆಂಪೇ. ಬೇರ್ಪಡಿಸಿ ತೋರಿಸಲೆಂದು ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, 500.7ರ ಆಮ್ಲಜನಕಕ್ಕೆ ನೀಲಿ ಹಚ್ಚುತ್ತಾರೆ. 1995ರಲ್ಲಿ ಹಬಲ್ ತೆಗೆದ ಈಗಲ್ ನೀಹಾರಿಕೆಯ ಕಂಬಗಳ ಚಿತ್ರವೂ ಹೀಗೇ ಆದದ್ದು.

ಸಂಸ್ಕರಣೆ ಹಳಿ ತಪ್ಪುವುದು ಇಲ್ಲೇ. ಸಾಮಾನ್ಯವಾಗಿ ಹೈಡ್ರೋಜನ್ ಉಳಿದೆರಡಕ್ಕಿಂತ ಬಹಳ ಪ್ರಬಲ; ಮೂರನ್ನೂ ಹಾಗೇ ಕೂಡಿಸಿದರೆ ಇಡೀ ಚಿತ್ರ ಹಸಿರಾಗುತ್ತದೆ. ತಕ್ಷಣ ಹಸಿರು ತೆಗೆಯುವ ಎಸ್‌ಸಿಎನ್‌ಆರ್ ಎಂಬ ತಂತ್ರಾಂಶದ ಸಾಧನ ಓಡಿಸಿಬಿಡುತ್ತಾರೆ. ಅದು ಮಾಡುವುದೇನು? ಕೆಂಪು-ನೀಲಿಗಳ ಸರಾಸರಿಗಿಂತ ಹಸಿರು ಎಲ್ಲೆಲ್ಲಿ ಹೆಚ್ಚಿದೆಯೋ ಅಲ್ಲೆಲ್ಲ ಅದನ್ನು ಆ ಸರಾಸರಿಗೇ ಇಳಿಸುತ್ತದೆ. ಅಂದರೆ ಹೈಡ್ರೋಜನ್ ಇದ್ದ ಜಾಗದಲ್ಲಿ ಗಂಧಕ, ಆಮ್ಲಜನಕಗಳ ಸರಾಸರಿ ಬಂದು ಕೂರುತ್ತದೆ. ಗಂಟೆಗಟ್ಟಲೆ ಎಕ್ಸ್‌ಪೋಷರ್ ಕೊಟ್ಟು ಹಿಡಿದ ಎಳೆಗಳು, ಧೂಳಿನ ಅಂಚಿನ ನವಿರಾದ ಏರಿಳಿತ, ಎಲ್ಲ ಮಸುಕಾಗುತ್ತವೆ.

ಸರಿಯಾದ ಕ್ರಮ ಬೇರೆ. ಮೊದಲು ಒಂದೊಂದು ಫಿಲ್ಟರಿನಲ್ಲಿ ತೆಗೆದ ಹಲವು ಎಕ್ಸ್‌ಪೋಷರ್‌ಗಳನ್ನು ಕೂಡಿಸಿದ ಸ್ಟ್ಯಾಕ್‌ನಲ್ಲೂ ಹಿನ್ನೆಲೆಯ ಏರುಪೇರು ತೆಗೆಯಬೇಕು. ಹೊಳಪನ್ನು ಇನ್ನೂ ಹಿಗ್ಗಿಸದ ಲೀನಿಯರ್ ಹಂತದಲ್ಲೇ ನಾಯ್ಸ್ (ಕಾಳುಕಾಳಾದ ಕಲೆ) ತಗ್ಗಿಸಿ, ಸ್ಟಾರ್‌ನೆಟ್‌ನಂಥ ಸಾಧನದಿಂದ ನಕ್ಷತ್ರಗಳನ್ನು ಬೇರ್ಪಡಿಸಬೇಕು. ಆಮೇಲೆ ಮೂರನ್ನೂ ಬೇರೆಬೇರೆಯಾಗಿ ಸ್ಟ್ರೆಚ್ ಮಾಡಿ, ಅಂದರೆ ಮಂದ ಭಾಗಗಳು ಕಾಣುವಂತೆ ಹೊಳಪು ಹಿಗ್ಗಿಸಿ, ಹಿನ್ನೆಲೆಯ ಮಟ್ಟ ಒಂದೇ ಆಗುವಂತೆ ತಂದು ಕೂಡಿಸಬೇಕು. ಆಗಲೂ ಉಳಿದ ಹಸಿರನ್ನು ಬಣ್ಣದ ಛಾಯೆ ಬದಲಿಸುವ ಹ್ಯೂ ಕರ್ವ್‌ನಲ್ಲಿ ಹೊಂಬಣ್ಣದತ್ತ ಸರಿಸಿದರೆ ಸಾಕು. ಎಸ್‌ಸಿಎನ್‌ಆರ್ ಬೇಕೇಬೇಕೆಂದರೆ ಕೊನೆಗೆ, ಅದೂ ಅರೆಪ್ರಮಾಣದಲ್ಲಿ.

ನಕ್ಷತ್ರಗಳನ್ನು ಬೇರ್ಪಡಿಸದೆ ಸ್ಟ್ರೆಚ್ ಮಾಡಿದರೆ ಬೇರೊಂದು ತೊಂದರೆ. ಕ್ಷೀಣವಾದ ಗಂಧಕ, ಆಮ್ಲಜನಕಗಳನ್ನು ಹೆಚ್ಚು ಎಳೆಯಬೇಕಾಗುವುದರಿಂದ ಆ ಎರಡರಲ್ಲೂ ನಕ್ಷತ್ರಗಳು ಊದಿಕೊಂಡು, ಪ್ರತಿಯೊಂದರ ಸುತ್ತ ನೇರಳೆಗೆಂಪು ಉಂಗುರ ಮೂಡುತ್ತದೆ. ಚಿತ್ರವನ್ನು ಇನ್ವರ್ಟ್ ಮಾಡಿ ಬಣ್ಣಗಳನ್ನು ತಿರುವುಮುರುವಾಗಿಸಿದರೆ ಆ ಉಂಗುರವೇ ಹಸಿರು. ಅಲ್ಲಿ ಎಸ್‌ಸಿಎನ್‌ಆರ್ ಓಡಿಸಿ ಮತ್ತೆ ಇನ್ವರ್ಟ್ ಮಾಡಬಹುದು. ಸಾಮಾನ್ಯ ಕೆಂಪು, ಹಸಿರು, ನೀಲಿ ಫಿಲ್ಟರುಗಳಲ್ಲಿ ಕಿರು ಎಕ್ಸ್‌ಪೋಷರ್ ತೆಗೆದು, ಆ ನಕ್ಷತ್ರಗಳನ್ನೇ ಹೊಳಪನ್ನು ಹೊಳಪಿಗೆ ಬೆರೆಸುವ ಸ್ಕ್ರೀನ್ ಬ್ಲೆಂಡ್‌ನಲ್ಲಿ ಸೇರಿಸುವುದು ಇನ್ನೂ ಉತ್ತಮ.

ಆಮ್ಲಜನಕದ ಚಾನೆಲ್, ಅಂದರೆ ಅದರ ಫಿಲ್ಟರಿನ ಚಿತ್ರ, ಬೆಳದಿಂಗಳಿಗೆ ಬೇಗ ಕೆಡುತ್ತದೆ. ಅದಕ್ಕೆ ಚಂದ್ರನಿಲ್ಲದ ರಾತ್ರಿಗಳನ್ನೇ ಮೀಸಲಿಡಬೇಕು. ಕಲೆಕಲೆಯಾದ ನೀಲಿಯನ್ನು ತಂತ್ರಾಂಶದಲ್ಲಿ ಒರೆಸಿ ನುಣುಪು ಮಾಡಿದರೆ ಕಾಣುವುದು ಮೇಣ, ಅನಿಲವಲ್ಲ.

ಚಿತ್ರ ಕಳಿಸುವವರಿಂದ ಮೂರು ವಿವರ ಕೇಳಿ ಪಡೆಯಿರಿ: ಯಾವ ಅನಿಲಕ್ಕೆ ಯಾವ ಬಣ್ಣ, ಪ್ರತಿ ಫಿಲ್ಟರಿಗೆ ಎಷ್ಟು ಹೊತ್ತಿನ ಎಕ್ಸ್‌ಪೋಷರ್, ನಕ್ಷತ್ರಗಳು ಯಾವ ಫಿಲ್ಟರಿನವು. ಅಡಿಬರಹದಲ್ಲಿ ಎರಡು ಸಾಲಿಗೆ ಇಷ್ಟೂ ಹಿಡಿಸುತ್ತದೆ.

– ಖಗೋಳ ಛಾಯಾಗ್ರಹಣದ ಅಭ್ಯಾಸಿ